ಡಬ್ಬಿ ಇಲ್ಲದ ನಿಧಿ, ರೈಲಿಳಿದು ಹಿಡಿಯುವ ದಾರಿ

ಕೊಪ್ಪಳ ಸೀಮೆಯಲ್ಲಿ ನಿಧಿ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಹಾಳುಗುಡಿಯ ಗರ್ಭಗೃಹದಲ್ಲಿ ಅಗೆದ ಗುಂಡಿ, ಬುಡಮೇಲಾಗಿ ಬಿದ್ದ ನಂದಿ, ಅಮಾವಾಸ್ಯೆ ಕಳೆದ ಬೆಳಿಗ್ಗೆ ಗುಡ್ಡದ ಮೇಲೆ ಕಾಣುವ ಕುಂಕುಮ ಹಚ್ಚಿದ ಲಿಂಬೆಹಣ್ಣು, ಇವೇ ಆ ಮಾತಿನ ಜೊತೆಗೆ ನೆನಪಾಗುವ ಚಿತ್ರಗಳು. 2019ರ ಜುಲೈನಲ್ಲಿ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುವಿನ ನವವೃಂದಾವನ ಗಡ್ಡೆಯಲ್ಲಿ, ವ್ಯಾಸರಾಜರ ವೃಂದಾವನವನ್ನು ನಿಧಿಯ ಆಸೆಗೆ ರಾತ್ರೋರಾತ್ರಿ ಒಡೆದುಹಾಕಿದರು. ಕೃಷ್ಣದೇವರಾಯನ ಕಾಲದ ಯತಿಯ ಸಮಾಧಿ ಅದು. ಸುದ್ದಿ ಹಬ್ಬಿದ್ದೇ ತಡ, ಭಕ್ತರು ಹೊಳೆ ದಾಟಿ ಬಂದು ಕಲ್ಲಿಗೆ ಕಲ್ಲು ಜೋಡಿಸಿ ಎರಡು ದಿನದೊಳಗೆ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಆದರೆ ಹೀಗೆ ಓಡಿಬರುವ ಭಕ್ತರು ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿಗೆ ಇಲ್ಲ, ಊರಾಚೆ ಮುಳ್ಳುಕಂಟಿಯಲ್ಲಿ ಮುಚ್ಚಿಹೋದ ಸಣ್ಣ ಗುಡಿಗಳಿಗೂ ಇಲ್ಲ. ನೆಲದಲ್ಲಿ ಹೂತ ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ಯಾವುದೇ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಕಾಯ್ದೆಯೇ ಹೇಳಿತ್ತು. ಕರ್ನಾಟಕಕ್ಕೆ 1962ರಿಂದ ತನ್ನದೇ ನಿಧಿ ಕಾಯ್ದೆ ಇದೆ. ಕಾನೂನು ಇದ್ದೂ ಅಗೆತ ನಿಂತಿಲ್ಲ. ಇಂಥ ನೆಲಕ್ಕೆ, ಜಗತ್ತಿನ ಉದ್ದಗಲಕ್ಕೂ ಲಕ್ಷಾಂತರ ಜನ ಆಡುವ ಒಂದು ನಿಧಿಶೋಧದ ಆಟವನ್ನು ತರಬಹುದೇ? ತರಬಹುದು, ತರಲೇಬೇಕು ಎಂಬುದು ನನ್ನ ವಾದ. ಕರಾರು ಎರಡೇ. ಆಟದಲ್ಲಿ ಬಚ್ಚಿಟ್ಟ ಡಬ್ಬಿ ಇರಕೂಡದು. ಆಟ ರೈಲು ನಿಲ್ದಾಣದಿಂದ ಹೊರಡಬೇಕು.

ಆಟದ ಹೆಸರು ಜಿಯೋಕ್ಯಾಶಿಂಗ್. ಅದು ಹುಟ್ಟಿದ್ದು ಒಂದು ಸರ್ಕಾರಿ ಆದೇಶದ ಮರುದಿನ ಎಂದರೆ ಅತಿಶಯೋಕ್ತಿಯಲ್ಲ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಅಮೆರಿಕದ ಸೇನೆಯವು. ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಅವರು ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ಸ್ಥಳದ ಲೆಕ್ಕ ನೂರು ಮೀಟರ್‌ವರೆಗೂ ಆಚೀಚೆ ಆಗುತ್ತಿತ್ತು. 2000ದ ಮೇ ಆರಂಭದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಆ ಬೆರಕೆಯನ್ನು ನಿಲ್ಲಿಸಿದರು. ಮರುದಿನ, ಮೇ 3ರಂದು, ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಎಂಬ ಊರಿನ ಹತ್ತಿರ ಡೇವ್ ಉಲ್ಮರ್ ಎಂಬವರು ಒಂದು ಬಕೆಟ್‌ನಲ್ಲಿ ಪುಸ್ತಕ, ಕವಣೆ, ಬೀನ್ಸ್ ಡಬ್ಬಿಯಂಥ ಚಿಲ್ಲರೆ ಸಾಮಾನು, ಜೊತೆಗೊಂದು ಪೆನ್ಸಿಲ್ಲು ಮತ್ತು ನೋಟುಬುಕ್ಕು ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಜಗತ್ತಿಗೆ ಸಾರಿದರು. ಹುಡುಕಿಕೊಂಡು ಬಂದವರು ಏನಾದರೂ ತೆಗೆದುಕೊಳ್ಳಬಹುದು, ಬದಲಿಗೆ ಏನಾದರೂ ಇಡಬೇಕು, ಪುಸ್ತಕದಲ್ಲಿ ಹೆಸರು ಬರೆಯಬೇಕು. ಕೆಲವೇ ದಿನಗಳಲ್ಲಿ ಅದು ಪತ್ತೆಯಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಜೆರೆಮಿ ಐರಿಶ್ ಈ ಆಟಕ್ಕೊಂದು ಜಾಲತಾಣ ಕಟ್ಟಿದರು. ಇಂದು ಇಂಥ ಅಡಗುದಾಣಗಳು ಮೂವತ್ತು ಲಕ್ಷಕ್ಕೂ ಹೆಚ್ಚು. ಆಟದ ಭಾಷೆಯಲ್ಲಿ ಸ್ಥಳವನ್ನು ಡಿಗ್ರಿ, ಮಿನಿಟು, ಮಿನಿಟಿನ ಸಾವಿರದಲ್ಲೊಂದು ಭಾಗ ಎಂದು ಬರೆಯುತ್ತಾರೆ. ಅಕ್ಷಾಂಶದ ಆ ಕೊನೆಯ ಅಂಕೆ ಒಂದು ಹೆಚ್ಚಾದರೆ ನೆಲದ ಮೇಲೆ 1.85 ಮೀಟರ್ ಸರಿದಂತೆ, ಅಂದರೆ ದೊಡ್ಡವರ ಎರಡು ಮೂರು ಹೆಜ್ಜೆ. ಆದರೆ ಕಿಸೆಯಲ್ಲಿರುವ ಫೋನು ಬಯಲಿನಲ್ಲಿ ನಿಂತಾಗಲೇ ಐದು ಮೀಟರ್‌ನಷ್ಟು ಅನುಮಾನ ಇಟ್ಟುಕೊಂಡು ಮಾತಾಡುತ್ತದೆ. ಕೊಪ್ಪಳದ ಬಂಡೆಗಳ ನಡುವೆ ಸಂಕೇತ ಕಲ್ಲಿಗೆ ತಾಗಿ ಪುಟಿದು ಬರುವುದರಿಂದ ಅನುಮಾನ ಇನ್ನೂ ಹೆಚ್ಚುತ್ತದೆ. ಕಡೆಯ ಹತ್ತು ಹೆಜ್ಜೆಯಲ್ಲಿ ಉಪಗ್ರಹ ಕೈಬಿಡುತ್ತದೆ. ಅಲ್ಲಿಂದ ಕಣ್ಣೇ ದಾರಿ. ಆಟದ ರುಚಿ ಇರುವುದೂ ಆ ಹತ್ತು ಹೆಜ್ಜೆಯಲ್ಲಿ.

ಪಶ್ಚಿಮದ ದೇಶಗಳಲ್ಲಿ ಈ ಆಟ ಬೇರೂರಿದ ಜಾಗಗಳಲ್ಲಿ ಹಳೆಯ ರೈಲುದಾರಿಗಳದ್ದು ಒಂದು ವಿಶೇಷ ಸ್ಥಾನ. ಲಾರಿ, ಕಾರುಗಳ ಪೈಪೋಟಿಗೆ ಸೋತು ಮುಚ್ಚಿದ ಸಾವಿರಾರು ಮೈಲಿ ಹಳಿಯನ್ನು ಅಲ್ಲಿ ಕಿತ್ತು, ಉಳಿದ ಏರಿಯ ಮೇಲೆ ನಡೆಯುವ ಮತ್ತು ಸೈಕಲ್ ತುಳಿಯುವ ದಾರಿ ಮಾಡಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಎಲ್‌ರಾಯ್–ಸ್ಪಾರ್ಟಾ ದಾರಿ 1960ರ ದಶಕದಲ್ಲೇ ಹೀಗೆ ತೆರೆಯಿತು. ಮೂರು ಸುರಂಗಗಳ ಕತ್ತಲನ್ನು ಹಾದು ಸುಮಾರು 50 ಕಿ.ಮೀ. ಸಾಗುವ ದಾರಿ ಅದು. ಮುಂದೆ ಬೇಕಾದರೆ ಮತ್ತೆ ಹಳಿ ಹಾಕಲು ಅವಕಾಶ ಉಳಿಸಿಕೊಂಡು ಜಾಗವನ್ನು ನಡಿಗೆಗೆ ಬಿಡುವ ಕಾನೂನನ್ನು ಅಮೆರಿಕ 1983ರಲ್ಲಿ ತಂದಿತು. ಸ್ಪೇನ್ 1993ರಲ್ಲಿ ಇದೇ ಕೆಲಸ ಆರಂಭಿಸಿ ಅಂಥ ದಾರಿಗಳನ್ನು ಹಸಿರು ದಾರಿಗಳೆಂದು ಕರೆಯಿತು. ನ್ಯೂಜಿಲೆಂಡಿನ ಒಟಾಗೊ ಸೆಂಟ್ರಲ್ ದಾರಿ 2000ದಲ್ಲಿ ಪೂರ್ತಿಯಾಗಿ ತೆರೆದಾಗ, ರೈಲು ನಿಂತ ಮೇಲೆ ಬಡಕಲಾಗಿದ್ದ ಸಣ್ಣ ಊರುಗಳಿಗೆ ಸೈಕಲ್ ಸವಾರರು ಬಂದು ಉಂಡು, ಮಲಗಿ, ಮುಂದೆ ಹೋಗತೊಡಗಿದರು. ರೈಲುದಾರಿಗೆ ಏರು ಇಳಿತ ಕಡಿಮೆ. ಎಂಜಿನ್ನಿಗೆ ಏದುಸಿರು ಬಾರದಂತೆ ಕಟ್ಟಿದ ಏರಿಯ ಮೇಲೆ ಮುದುಕರಿಗೂ ಮಕ್ಕಳಿಗೂ ಏದುಸಿರು ಬರುವುದಿಲ್ಲ. ಇಂಥ ದಾರಿ ಶುರುವಾಗುವಲ್ಲಿ ಒಂದು ಚಿಕ್ಕ ಉದ್ಯಾನ ಇರುತ್ತದೆ. ಗಾಡಿ ನಿಲ್ಲಿಸಲು ಜಾಗ, ನೀರು, ಶೌಚಾಲಯ, ನೆರಳು, ದಾರಿಯ ನಕ್ಷೆ ಬರೆದ ಫಲಕ, ಬಹಳವೆಂದರೆ ಇಷ್ಟೇ. ಉತ್ತರ ಕರ್ನಾಟಕದವರಿಗೆ ಇದನ್ನು ಅರ್ಥಮಾಡಿಸಲು ಹೊಸ ಪದ ಬೇಡ. ಅದು ದಾರಿಯ ಅಗಸಿ. ಊರಿಗೆ ಅಗಸಿ ಇರುವಂತೆ ದಾರಿಗೂ ಒಂದು: ಬಂದವರು ನಿಂತು, ಕೂತು, ಕೇಳಿ ತಿಳಿದು ಒಳಗೆ ಹೋಗುವ ಬಾಗಿಲು. ಆಟದವರು ಮೊದಲ ಡಬ್ಬಿಯನ್ನು ಸಾಮಾನ್ಯವಾಗಿ ಈ ಅಗಸಿಯ ಆಸುಪಾಸಿನಲ್ಲೇ ಇಡುತ್ತಾರೆ. ಗಾಡಿಯಿಂದ ಇಳಿದು ಹಾಗೇ ಹೊರಟುಬಿಡುವವರನ್ನು ಅದು ಒಂದು ಗಳಿಗೆ ನಿಲ್ಲಿಸುತ್ತದೆ, ಎರಡನೆಯದನ್ನು ಹುಡುಕಲು ಮುಂದಕ್ಕೆ ಕಳಿಸುತ್ತದೆ.

ನಮ್ಮಲ್ಲಿ ಹಳಿ ಕಿತ್ತ ದಾರಿಗಳು ಅಪರೂಪ. ಮೀಟರ್ ಗೇಜ್ ಹೋದ ಕಡೆ ಬ್ರಾಡ್ ಗೇಜ್ ಬಂತು, ಏರಿ ಖಾಲಿ ಉಳಿಯಲಿಲ್ಲ. ಕರ್ನಾಟಕ ಕಂಡ ಒಂದು ದೊಡ್ಡ ರೈಲುದಾರಿ ನಡಿಗೆ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ್ದು. ಗೇಜ್ ಬದಲಿಸಲು 1990ರ ದಶಕದ ನಡುವೆ ಗಾಡಿ ನಿಲ್ಲಿಸಿದಾಗ, ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆಗಳ ಆ ಹಾದಿಯಲ್ಲಿ ಚಾರಣಿಗರು ವರ್ಷಗಟ್ಟಲೆ ನಡೆದರು. 2006ರಲ್ಲಿ ಗೂಡ್ಸ್ ಗಾಡಿ, ಮರುವರ್ಷದ ಕೊನೆಗೆ ಪ್ರಯಾಣಿಕರ ಗಾಡಿ ಮರಳಿತು. ಆಮೇಲೂ ನಡೆಯುವವರು ನಿಲ್ಲಲಿಲ್ಲ. ಅಂಥವರಿಗೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ ಕಾದಿದೆ. ಆ ಕಟ್ಟುನಿಟ್ಟು ಸರಿಯಾದದ್ದೇ. ಓಡುವ ಹಳಿಯ ಮೇಲೆ ಆಟವಿಲ್ಲ. ಜಿಯೋಕ್ಯಾಶಿಂಗ್‌ನವರ ನಿಯಮವೂ ಹಳಿಯ ಹತ್ತಿರ ಡಬ್ಬಿ ಇಡಲು ಬಿಡುವುದಿಲ್ಲ. ಹಾಗಾದರೆ ಕೊಪ್ಪಳಕ್ಕೆ ಈ ರೈಲುದಾರಿಯ ಮಾತು ಯಾಕೆ? ಇಲ್ಲಿ ನಡೆದದ್ದು ಪಶ್ಚಿಮದ ಕಥೆಗೆ ನೇರ ತಿರುವುಮುರುವು. ಅಲ್ಲಿ ರೈಲು ಹೋದ ಮೇಲೆ ನಡೆಯುವವರು ಬಂದರು. ಇಲ್ಲಿ ರೈಲು ಈಗಷ್ಟೇ ಬರುತ್ತಿದೆ. ಹೊಸಪೇಟೆ–ಗದಗ ಹಳಿ ಕೊಪ್ಪಳ ಪಟ್ಟಣವನ್ನು 1880ರ ದಶಕದಲ್ಲೇ ಮುಟ್ಟಿತ್ತು. ಆದರೆ ಗಿಣಿಗೇರಾದಿಂದ ಕವಲೊಡೆದ ಹೊಸ ಹಳಿ ಗಂಗಾವತಿಗೆ ತಲುಪಿದ್ದು 2019ರಲ್ಲಿ. ಗದಗ–ವಾಡಿ ಮಾರ್ಗದ ಮೊದಲ ತುಂಡು ತಳಕಲ್ಲಿನಿಂದ ಕುಕನೂರು, ಯಲಬುರ್ಗಾ ಹಾದು ಕುಷ್ಟಗಿ ಮುಟ್ಟಿ, 2025ರ ಮೇ 15ರಂದು ಹುಬ್ಬಳ್ಳಿ–ಕುಷ್ಟಗಿ ರೈಲು ಹೊರಟಿತು. ಅದೇ ತಿಂಗಳು ಅಮೃತ ಭಾರತ ಯೋಜನೆಯಡಿ ನವೀಕರಿಸಿದ ಮುನಿರಾಬಾದ್ ನಿಲ್ದಾಣವೂ ಉದ್ಘಾಟನೆಯಾಯಿತು. ಅಂದರೆ ಜಿಲ್ಲೆಯ ಹಳೆಯ ನಾಲ್ಕೂ ತಾಲ್ಲೂಕು ಕೇಂದ್ರಗಳಿಗೆ ಈಗ ನಿಲ್ದಾಣವಿದೆ. ಅಲ್ಲಿ ನೀರಿದೆ, ನೆರಳಿದೆ, ಶೌಚಾಲಯವಿದೆ, ರಾತ್ರಿ ದೀಪವಿದೆ, ಜವಾಬ್ದಾರಿ ಹೊತ್ತ ಸಿಬ್ಬಂದಿ ಇದ್ದಾರೆ. ಬೇರೆ ದೇಶದವರು ದುಡ್ಡು ಸುರಿದು ಕಟ್ಟಿದ ದಾರಿಯ ಅಗಸಿ ಇಲ್ಲಿ ಮುಕ್ಕಾಲು ಪಾಲು ಸಿದ್ಧವಾಗಿದೆ. ಇಲ್ಲದಿರುವುದು ಅಲ್ಲಿಂದ ಹೊರಡುವ ದಾರಿ, ಆ ದಾರಿಯಲ್ಲಿ ನಡೆಯಲು ಒಂದು ನೆಪ.

ಆ ನೆಪವಾಗಿ ಡಬ್ಬಿ ಯಾಕೆ ಬೇಡ ಎಂಬುದಕ್ಕೆ ಮೊದಲ ಕಾರಣ ಎಲ್ಲರಿಗೂ ಗೊತ್ತಿರುವಂಥದ್ದು. ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ನಿಲ್ದಾಣದ ಧ್ವನಿವರ್ಧಕ ದಿನವಿಡೀ ಹೇಳುವ ದೇಶ ನಮ್ಮದು. ಕಲ್ಲಿನ ಸಂದಿಯಲ್ಲಿ ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಂದು ಕಂಡರೆ ಗಾಬರಿಯಾಗುವುದೇ ಸಹಜ. ಇದು ನಮ್ಮ ಅತಿಭಯವೂ ಅಲ್ಲ: 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಇಂಥ ಆಟದ ಡಬ್ಬಿಯನ್ನು ಬಾಂಬ್ ಎಂದು ತಿಳಿದು ಬೀದಿ ಖಾಲಿ ಮಾಡಿಸಿ ಸ್ಫೋಟಿಸಿದ್ದರು. ಎರಡನೆಯದು ಈ ನೆಲಕ್ಕೇ ಸೇರಿದ್ದು. ಇಂಥ ಅಕ್ಷಾಂಶ ರೇಖಾಂಶದಲ್ಲಿ ಏನೋ ಅಡಗಿಸಿಟ್ಟಿದೆ ಎಂಬ ಮಾತು ಮೊದಲು ಕೇಳುವವರಿಗೆ ಆಟವಾಗಿರುತ್ತದೆ. ಬಾಯಿಂದ ಬಾಯಿಗೆ ದಾಟಿ ಮೂರನೆಯ ಊರಿಗೆ ಮುಟ್ಟುವಷ್ಟರಲ್ಲಿ ಅದರಲ್ಲಿ ಡಬ್ಬಿ ಉದುರಿಹೋಗಿ ನಿಧಿ ಉಳಿದಿರುತ್ತದೆ. ಆಟದ ನಿಯಮ ಅಗೆಯಬೇಡಿ ಎನ್ನುತ್ತದೆ, ಸುದ್ದಿಗೆ ನಿಯಮ ಯಾರು ಹೇಳಬೇಕು? ಮೂರನೆಯದು ಸ್ಮಾರಕಗಳದ್ದು. ಸಂರಕ್ಷಿತ ಸ್ಮಾರಕದ ಸುತ್ತಲಿನ ನೂರು ಮೀಟರ್‌ನಲ್ಲಿ ಹೊಸ ಕಟ್ಟಡ ಏಳುವಂತಿಲ್ಲ, ಅದರಾಚೆಯ ಇನ್ನೂರು ಮೀಟರ್‌ನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ ಎಂಬಷ್ಟು ಜೋಪಾನ ಮಾಡಿದ ಕಲ್ಲಿನ ಸಂದಿಗೆ ಹೊರಗಿನ ವಸ್ತು ತುರುಕುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಸಮಾಧಾನದ ಸಂಗತಿಯೆಂದರೆ, ಈ ತೊಡಕಿಗೆ ಆಟದವರೇ ಪರಿಹಾರ ಕಂಡುಕೊಂಡಿದ್ದಾರೆ. ಅಮೆರಿಕದ ಭೂವಿಜ್ಞಾನ ಸಂಘ ಕೈಜೋಡಿಸಿದ ಅರ್ತ್‌ಕ್ಯಾಶ್ ಎಂಬ ಬಗೆಯಲ್ಲಿ ಡಬ್ಬಿಯೇ ಇಲ್ಲ. ಅದರ ಮೊದಲನೆಯದು 2004ರಲ್ಲಿ ಆಸ್ಟ್ರೇಲಿಯದಲ್ಲಿ ಶುರುವಾಯಿತು. ಕೊಟ್ಟ ಜಾಗಕ್ಕೆ ಹೋಗಿ, ಅಲ್ಲಿನ ಕಲ್ಲನ್ನೋ ಮಣ್ಣಿನ ಪದರವನ್ನೋ ಕಣ್ಣಾರೆ ನೋಡಿ, ನೋಡಿದವರು ಮಾತ್ರ ಹೇಳಬಲ್ಲ ಉತ್ತರ ಬರೆದು ಕಳಿಸಬೇಕು. ಉತ್ತರ ಸರಿಯಾದರೆ ನಿಧಿ ಸಿಕ್ಕಿತು.

ಪ್ರಶ್ನೆಯೇ ಡಬ್ಬಿಯಾದರೆ ಕೊಪ್ಪಳದಷ್ಟು ಶ್ರೀಮಂತ ಜಿಲ್ಲೆ ಸಿಗುವುದು ಕಷ್ಟ. ಕೊಪ್ಪಳ ನಿಲ್ದಾಣದಿಂದಲೇ ಹೊರಡೋಣ. ಗವಿಮಠದ ಗುಡ್ಡದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಎರಡೂ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1931ರಲ್ಲಿ. ಅದಕ್ಕೂ ಹದಿನಾರು ವರ್ಷ ಮೊದಲು ನೆರೆಯ ಮಸ್ಕಿಯಲ್ಲಿ, ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಅಶೋಕ ಎಂಬ ಹೆಸರನ್ನೇ ಹೊತ್ತ ಶಾಸನವನ್ನು ಕಂಡಿದ್ದರು. ಬಂಗಾರ ಹುಡುಕುತ್ತ ಹೋದವರಿಗೆ ಅಕ್ಷರ ಸಿಕ್ಕಿತು. ಗವಿಮಠದ ಬರಹ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಉಳಿದದ್ದು ಅದನ್ನು ಕೊರೆದವರು ಬಂಡೆಯನ್ನು ನೋಡಿ ಆರಿಸಿದ್ದರಿಂದ. ಮಳೆ ಯಾವ ಕಡೆಯಿಂದ ಹೊಡೆಯುತ್ತದೆ, ಮೇಲಿನ ಕಲ್ಲು ಎಷ್ಟು ಮುಂದೆ ಚಾಚಿದೆ, ನೀರು ಎಲ್ಲಿ ಇಳಿಯುತ್ತದೆ? ಈ ಮೂರನ್ನು ಅಲ್ಲಿ ನಿಂತು ಗಮನಿಸಿ ಬರೆ ಎಂದರೆ ಒಂಬತ್ತನೇ ತರಗತಿಯ ಹುಡುಗಿಯೂ ಬರೆಯಬಲ್ಲಳು, ಭೂವಿಜ್ಞಾನಿಯೂ ತಲೆ ಕೆರೆದುಕೊಂಡಾನು. ಪಾಲ್ಕಿಗುಂಡಿಗೆ ಆ ಹೆಸರು ಯಾಕೆ ಬಂತೆಂದು ಕೆಳಗಿನಿಂದಲೇ ಹೇಳಬಹುದು. ಪಲ್ಲಕ್ಕಿಯ ಮೇಲ್ಗಲ್ಲನ್ನು ಎಷ್ಟು ಕಲ್ಲು ಹೊತ್ತಿವೆ, ಹೇಗೆ ಹೊತ್ತಿವೆ ಎಂಬುದನ್ನು ಕಾಣಲು ಗುಡ್ಡ ಹತ್ತಲೇಬೇಕು. ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆ ಹೇಳುವಾಗ ಹೆಸರಿಸಿದ ಊರುಗಳಲ್ಲಿ ಈ ಕೊಪಣವೂ ಒಂದು. ಒಂಬತ್ತನೇ ಶತಮಾನದ ಆ ಗ್ರಂಥ ನಾಲ್ಕು ಊರುಗಳ ಹೆಸರಿನಿಂದ ಒಂದು ಭಾಷೆಯ ನಡುನಾಡನ್ನು ಗುರುತಿಸಿತು. ಸ್ಥಳವನ್ನು ಮಾತಿನಲ್ಲಿ ನಿಖರವಾಗಿ ಹಿಡಿಯುವುದು ಈ ನಾಡಿಗೆ ಉಪಗ್ರಹ ಕಲಿಸಿದ ವಿದ್ಯೆಯಲ್ಲ. ದಾನಶಾಸನಗಳನ್ನು ನೋಡಿದರೆ ಸಾಕು: ಮೂಡಣಕ್ಕೆ ನಟ್ಟ ಕಲ್ಲು, ತೆಂಕಣಕ್ಕೆ ಹಳ್ಳ, ಪಡುವಣಕ್ಕೆ ಹುಣಿಸೆಮರ, ಬಡಗಣಕ್ಕೆ ಹೆದ್ದಾರಿ ಎಂದು ನಾಲ್ಕು ದಿಕ್ಕಿಗೂ ಗುರುತು ಹೇಳಿ ಎಲ್ಲೆ ಕಟ್ಟುತ್ತಿದ್ದರು. ಅಂಥ ಶಾಸನವೊಂದರ ಎಲ್ಲೆಯನ್ನು ಇಂದಿನ ಹೊಲದಲ್ಲಿ ಹುಡುಕಿ ತೆಗೆಯುವುದಕ್ಕಿಂತ ಒಳ್ಳೆಯ ನಿಧಿಶೋಧ ಯಾವುದಿದೆ?

ಕುಕನೂರು ನಿಲ್ದಾಣದಲ್ಲಿ ಇಳಿದರೆ ಊರಲ್ಲೇ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿ ಇದೆ. ಅಲ್ಲಿಂದ ಹತ್ತು ಕಿ.ಮೀ. ಒಳಗೆ, ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿಯಲ್ಲಿ, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಇದೆ. 1112ರ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದಿದೆ. ಎರಡರ ನಡುವೆ ಇನ್ನೂರು ವರ್ಷಕ್ಕೂ ಹೆಚ್ಚಿನ ಅಂತರ, ಕಲ್ಲೂ ಬದಲಾಗಿದೆ. ಮೊದಲಿನವರು ಒರಟು ಮರಳುಗಲ್ಲಿನಲ್ಲಿ ದಪ್ಪ ಗೆರೆಯಲ್ಲಿ ಕೆತ್ತುತ್ತಿದ್ದ ನಾಡಿನಲ್ಲಿ, ನಯವಾದ ಬಳಪದ ಕಲ್ಲು ಕೈಗೆ ಬಂದ ಮೇಲೆ ಉಳಿಯ ಕೆಲಸ ಆಭರಣದಂತಾಯಿತು. ಒಂದೇ ದಿನದಲ್ಲಿ ಎರಡೂ ಗುಡಿಗಳ ಬಾಗಿಲವಾಡವನ್ನು ನೋಡಿ ಹೋಲಿಸು ಎಂಬ ಪ್ರಶ್ನೆ, ಚಾಲುಕ್ಯ ಶಿಲ್ಪದ ಬಗ್ಗೆ ಒಂದು ಗಂಟೆಯ ಪಾಠ ಕಲಿಸಲಾರದ್ದನ್ನು ಕಲಿಸೀತು. ಗಂಗಾವತಿಯ ಕಡೆಗೆ ಹೋದರೆ ಚಿಕ್ಕಬೆಣಕಲ್ ನಿಲ್ದಾಣ. ಹೆಸರೇ ಹೇಳುವಂತೆ ಹಿರೇಬೆಣಕಲ್ ಅದರ ನೆರೆಯದು. ಅಲ್ಲಿನ ಗುಡ್ಡದ ಮೇಲೆ ಸುಮಾರು ನಾನೂರು ಬೃಹತ್ ಶಿಲಾ ಸಮಾಧಿಗಳಿವೆ. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ, ಕೆಲವಕ್ಕೆ ದುಂಡನೆಯ ಕಿಂಡಿ ಕೊರೆದ ಆ ಕಲ್ಲುಮನೆಗಳನ್ನು ಸುತ್ತಲಿನವರು ಮೋರ್ಯರ ಮನೆ ಎನ್ನುತ್ತಾರೆ. ಯುನೆಸ್ಕೊದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಇದು 2021ರಲ್ಲಿ ಸೇರಿತು. ಅಷ್ಟು ಭಾರದ ಚಪ್ಪಡಿಗಳನ್ನು ಎಲ್ಲಿಂದ ಸೀಳಿ ತೆಗೆದರು? ಕಣಿ ಅಲ್ಲೇ ಇದೆ. ಬೆಂಕಿಯಿಂದಲೋ ಬೆಣೆಯಿಂದಲೋ ಬಂಡೆಯ ಸಿಪ್ಪೆ ಎಬ್ಬಿಸಿದ ಕುರುಹನ್ನು ಕಣ್ಣು ಪಳಗಿದವರು ಗುರುತಿಸಬಲ್ಲರು. ಗ್ರಾನೈಟು ಈರುಳ್ಳಿಯಂತೆ ಪದರಪದರವಾಗಿ ಕಳಚುವ ಸ್ವಭಾವ ಅರಿತವರಿಗೆ ಮಾತ್ರ ಆ ಕಲ್ಲುಮನೆಗಳನ್ನು ಕಟ್ಟಲು ಸಾಧ್ಯವಿತ್ತು. ಆನೆಗೊಂದಿಯ ಗುಂಡುಗಳು ಒಂದರ ಮೇಲೊಂದು ನಿಂತಿರುವುದೂ ಅದೇ ಸ್ವಭಾವದಿಂದ. ಸುಮಾರು 250 ಕೋಟಿ ವರ್ಷದ ಕಲ್ಲು, ಬಿರುಕಿನಲ್ಲಿ ನೀರು ಇಳಿದು, ಮೂಲೆಗಳು ಸವೆದು, ಗುಂಡಗಾದದ್ದು. ಯಾರೂ ಎತ್ತಿಟ್ಟದ್ದಲ್ಲ ಎಂದು ನಂಬಿಸಲು ಪುಸ್ತಕಕ್ಕಿಂತ ಆ ಬಿರುಕೇ ಒಳ್ಳೆಯ ಸಾಕ್ಷಿ.

ಇಲ್ಲಿಗೆ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಡಬ್ಬಿ ಇಲ್ಲದಿದ್ದರೆ ಅದು ಆಟವೇ ಅಲ್ಲ, ಶಾಲೆಯ ಪರೀಕ್ಷೆ ಎನ್ನುವವರಿದ್ದಾರೆ. ಕಲ್ಲಿನ ಸಂದಿಗೆ ಕೈ ಹಾಕಿದಾಗ ಬೆರಳಿಗೆ ಏನೋ ತಾಗುವ ಆ ಪುಳಕ, ಮುಚ್ಚಳ ತೆರೆದಾಗ ಮಗುವಿನ ಮುಖ ಅರಳುವ ರೀತಿ, ಮುಂಚೆ ಬಂದುಹೋದ ಅಪರಿಚಿತರ ಕೈಬರಹ, ಇವನ್ನು ಪ್ರಶ್ನೋತ್ತರ ಕೊಡಲಾರದು ಎಂಬುದು ನಿಜ. ಈ ಮಾತನ್ನು ಹಗುರವಾಗಿ ತೆಗೆದುಹಾಕಲು ಬರುವುದಿಲ್ಲ. ಆದರೆ ಪ್ರಶ್ನೆಗೂ ಮುಚ್ಚಳ ಇರುವಂತೆ ಮಾಡುವ ಕಲೆ ಕನ್ನಡಕ್ಕೆ ಹೊಸದಲ್ಲ. ಒಗಟು ಅಂದರೆ ಇನ್ನೇನು? ಹೇಳಬೇಕಾದದ್ದನ್ನು ಕಣ್ಣೆದುರೇ ಇಟ್ಟು ಮರೆಮಾಡುವುದು, ಬಿಡಿಸಿದ ಮೇಲೆ ಇಷ್ಟು ಹೊತ್ತು ಕಾಣಲಿಲ್ಲವಲ್ಲ ಎನಿಸುವುದು. ಜಿಪಿಎಸ್ ಕೈಬಿಡುವ ಕಡೆಯ ಹತ್ತು ಹೆಜ್ಜೆಗೆ ಒಗಟಿಗಿಂತ ತಕ್ಕ ಸಲಕರಣೆ ಇಲ್ಲ. ಕೊಪ್ಪಳ, ರಾಯಚೂರು ಸೀಮೆಯ ಹೆಣ್ಣುಮಕ್ಕಳು ಒಗಟು, ಒಡಪುಗಳನ್ನು ಇಂದಿಗೂ ಬಲ್ಲರು. ಒಂದೊಂದು ಜಾಗಕ್ಕೆ ಒಂದೊಂದು ಒಗಟು ಕಟ್ಟಿಕೊಡಿ ಎಂದು ಅವರನ್ನು ಕೇಳಿದರೆ, ಅಮೆರಿಕದ ಡಬ್ಬಿಯಲ್ಲಿ ಸಿಗುವ ಪ್ಲಾಸ್ಟಿಕ್ ಗೊಂಬೆಗಿಂತ ಬೆಲೆಯುಳ್ಳದ್ದು ಸಿಕ್ಕೀತು. ಕೈಗೆ ಏನಾದರೂ ಸಿಗಲೇಬೇಕೆಂದರೆ ಅದೂ ಆಗುವ ಮಾತೇ. ಎಲ್ಲ ಉತ್ತರ ಹೊಂದಿಸಿ ನಿಲ್ದಾಣಕ್ಕೆ ಮರಳಿದ ಮಗುವಿಗೆ ಒಂದು ಮುದ್ರೆ ಒತ್ತಿಕೊಡಬಹುದು, ಇಲ್ಲವೇ ಜಿಲ್ಲೆಯದೇ ಆದ ಕಿನ್ನಾಳದ ಪುಟ್ಟ ಬಣ್ಣದ ಗೊಂಬೆಯೊಂದನ್ನು ಕೊಳ್ಳುವ ಅವಕಾಶ ಅಲ್ಲೇ ಇಡಬಹುದು. ಹಾಜರಿ ಪುಸ್ತಕವೂ ನಿಲ್ದಾಣದ ಮೇಜಿನ ಮೇಲೆ ಇರಲಿ. ಅಪರಿಚಿತರ ಕೈಬರಹ ಓದುವ ಸುಖಕ್ಕೆ ಅದು ಬಂಡೆಯ ಸಂದಿಯಲ್ಲೇ ಇರಬೇಕೆಂದಿಲ್ಲ.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ: ಜನರೇ ಹೋಗದ ಕಾರಣಕ್ಕೆ ಉಳಿದುಕೊಂಡ ಜಾಗಗಳಿಗೆ ದಾರಿ ತೋರಿಸುವುದು ಯಾಕೆ? 2019ರಲ್ಲೇ ಹಂಪಿಯಲ್ಲಿ ಯುವಕರು ಕಂಬವೊಂದನ್ನು ದೂಡಿ ಬೀಳಿಸಿದ ವಿಡಿಯೊ ನಾಡೆಲ್ಲ ನೋಡಿತು. ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿ, ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ಹಿರೇಬೆಣಕಲ್ಲಿನ ಗುಡ್ಡದಲ್ಲಿ ಬಡಿದರೆ ನಗಾರಿಯಂತೆ ದನಿಗೊಡುವ ದೊಡ್ಡ ಕಲ್ಲಿದೆ. ಬಂದವರೆಲ್ಲ ಅದನ್ನು ಕಲ್ಲಿನಿಂದ ಕುಟ್ಟಿದರೆ ಅದು ಎಷ್ಟು ದಿನ ಬಾಳೀತು? ಈ ಭಯ ನನ್ನದೂ ಹೌದು. ಆದ್ದರಿಂದಲೇ ಆಟದ ಹತೋಟಿ ಅಕ್ಷಾಂಶ ರೇಖಾಂಶಗಳಲ್ಲಿ ಇರಬೇಕು. ಯಾವ ಬಿಂದುವನ್ನು ಕೊಡುತ್ತೇವೆ ಎಂಬುದು ಕೊಡುವವರ ಕೈಯಲ್ಲೇ ಇದೆ. ಕಿಂಡಿಯ ಸಮಾಧಿಯ ಒಳಗಿನ ಬಿಂದು ಕೊಡಬೇಕಿಲ್ಲ, ಅದನ್ನು ಇಪ್ಪತ್ತು ಹೆಜ್ಜೆ ದೂರದಿಂದ ನೋಡುವ ಬಿಂದು ಕೊಟ್ಟರೆ ಸಾಕು. ಅಲ್ಲಿನ ಗುಹೆಗಳ ವರ್ಣಚಿತ್ರಗಳ ಬಿಂದುವನ್ನು ಕೊಡಲೇಬಾರದು. ಕಲ್ಲನ್ನು ಮುಟ್ಟದೆ, ಅದರ ಮೇಲೆ ಹತ್ತದೆ, ಬಡಿಯದೆ ಉತ್ತರಿಸಬಹುದಾದ ಪ್ರಶ್ನೆಯನ್ನೇ ಕೇಳಬೇಕು. ಇನ್ನು ಜನ ಹೋಗದ ಕಾರಣಕ್ಕೆ ಉಳಿದಿವೆ ಎಂಬ ಮಾತು ಅರ್ಧಸತ್ಯ. ಜನ ಹೋಗದ ಜಾಗಕ್ಕೆ ನಿಧಿಗಳ್ಳರು ನಿಶ್ಚಿಂತೆಯಿಂದ ಹೋಗುತ್ತಾರೆ. ಅವರಿಗೆ ಬೇಕಾದದ್ದು ಕತ್ತಲೆ ಮತ್ತು ನಿರ್ಜನತೆ. ವಾರಕ್ಕೆ ಹತ್ತು ಮಂದಿ ಒಂದೇ ಕಲ್ಲನ್ನು ನೋಡಿ, ಚಿತ್ರ ತೆಗೆದು, ದಿನಾಂಕ ಹಾಕಿ ಕಳಿಸಿದರೆ, ಹೊಸ ಗುಂಡಿ ಬಿದ್ದದ್ದು ತಿಂಗಳುಗಟ್ಟಲೆ ಗೊತ್ತಾಗದೆ ಇರುವುದಿಲ್ಲ. ಕಾವಲುಗಾರರ ಸಂಬಳಕ್ಕೆ ಹಣ ಸಾಲದ ಪುರಾತತ್ವ ಇಲಾಖೆಗೆ ಇದು ಪುಕ್ಕಟೆ ಸಿಗುವ ಕಣ್ಗಾವಲು. ಪ್ರಾಣಿಗಳ ವಿಷಯದಲ್ಲಿ ಮಾತ್ರ ರಾಜಿ ಬೇಡ. ಈ ಗುಡ್ಡಗಳಲ್ಲಿ ಚಿರತೆ, ಕರಡಿಗಳಿವೆ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳ ಧಾಮವಿದೆ. ಅವುಗಳ ನೆಲೆಗೆ ಬಿಂದುವೇ ಬೇಡ. ಉಳಿದೆಡೆ ಸೂರ್ಯೋದಯದ ಮೇಲೆ ಹೊರಟು ಸೂರ್ಯಾಸ್ತದ ಮುಂಚೆ ಮರಳುವ ನಿಯಮವಿರಲಿ.

ಹೊತ್ತಿನ ನಿಯಮಕ್ಕೆ ಪ್ರಾಣಿಯ ಭಯ ಒಂದೇ ಕಾರಣವಲ್ಲ. 2025ರ ಮಾರ್ಚ್‌ನಲ್ಲಿ ಸಣಾಪುರದ ಬಳಿ ರಾತ್ರಿ ಪ್ರವಾಸಿಗರ ಮೇಲೆ ನಡೆದ ಕ್ರೂರ ದಾಳಿ, ಅದರಲ್ಲಿ ಹೋದ ಜೀವ, ಈ ಜಿಲ್ಲೆಯ ಪ್ರವಾಸೋದ್ಯಮದ ಬಗ್ಗೆ ಮಾತಾಡುವ ಯಾರೂ ಮರೆಯುವಂತಿಲ್ಲ. ರೈಲು ನಿಲ್ದಾಣದಿಂದ ಹೊರಡಬೇಕೆಂಬ ಎರಡನೇ ಕರಾರಿನ ಬಲ ಇಲ್ಲಿ ಕಾಣುತ್ತದೆ. ಹೊರಟವರ ಹೆಸರು ಒಂದು ಕಡೆ ಬರೆದಿರುತ್ತದೆ, ಮರಳುವ ಗಾಡಿಯ ಹೊತ್ತು ಗೊತ್ತಿರುತ್ತದೆ, ಬಾರದವರನ್ನು ವಿಚಾರಿಸುವವರು ಇರುತ್ತಾರೆ. ಹೆಣ್ಣುಮಕ್ಕಳ ಗುಂಪೊಂದು ಮನೆಯವರಿಗೆ ಹೇಳಿ ಹೊರಡಲು ಇಷ್ಟು ಭರವಸೆಯಾದರೂ ಬೇಕು. ಸ್ವಂತ ಕಾರಿನಲ್ಲಿ ಬಂದು ಎಲ್ಲೆಂದರಲ್ಲಿ ಇಳಿಯುವವರ ಆಟದಲ್ಲಿ ಇದು ಇರುವುದಿಲ್ಲ. ಕುಡಿಯುವ ನೀರಿಗೇ ಪರದಾಡುವ ತಾಲ್ಲೂಕುಗಳಿಗೆ ಇಂಥ ಶೋಕಿ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಖರ್ಚಿನ ಲೆಕ್ಕ. ನಾಲ್ಕು ನಿಲ್ದಾಣಗಳಲ್ಲಿ ನಾಲ್ಕು ಫಲಕ, ದಾರಿಯ ತಿರುವುಗಳಲ್ಲಿ ಬಣ್ಣ ಬಳಿದ ಕಲ್ಲು, ಉತ್ತರ ನೋಡಿ ಹೇಳುವ ಕೆಲವು ಶಿಕ್ಷಕರು. ಇದಕ್ಕೆ ಒಂದು ಸ್ವಾಗತ ಕಮಾನಿನ ಖರ್ಚೂ ಆಗದು. ಫೋನು ಇಲ್ಲದ ಮಗು ಹೊರಗುಳಿಯುತ್ತದೆ ಎಂಬುದು ಇನ್ನೂ ನ್ಯಾಯವಾದ ದೂರು. ಅದಕ್ಕೆ ಉತ್ತರ ಫಲಕದಲ್ಲೇ ಇರಬೇಕು: ಬಿಂದುಗಳ ಜೊತೆಗೆ ಹಳೆಯ ಶಾಸನದ ಕ್ರಮದಲ್ಲಿ ಮೂಡಣಕ್ಕೆ ಇದು, ಪಡುವಣಕ್ಕೆ ಅದು ಎಂಬ ಗುರುತುಗಳನ್ನೂ ಬರೆದರೆ, ಐದು ಮಕ್ಕಳಿಗೆ ಒಂದು ಫೋನೂ ಸಾಕು, ಇಲ್ಲದಿದ್ದರೂ ನಡೆದೀತು.

ಕುಷ್ಟಗಿಯದು ಬೇರೆ ಪರಿಸ್ಥಿತಿ. ರೈಲು ಹೊಸದಾಗಿ ಬಂದು ನಿಂತಿರುವ ಆ ಪಟ್ಟಣದ ನಿಲ್ದಾಣದಿಂದ ನಡೆದು ಮುಟ್ಟುವಷ್ಟು ಹತ್ತಿರದಲ್ಲಿ ಅಶೋಕನೂ ಇಲ್ಲ, ಚಾಲುಕ್ಯರ ಚಕ್ರವರ್ತಿ ಗುಡಿಯೂ ಇಲ್ಲ. ಕಬ್ಬರಗಿಯ ಕಪಿಲತೀರ್ಥ ಜಲಪಾತ ದೂರ, ಅದೂ ಮಳೆಗಾಲದ ಅತಿಥಿ. ಹಾಗೆಂದು ಕುಷ್ಟಗಿಯನ್ನು ಈ ಆಟದಿಂದ ಬಿಡುವುದು ತಪ್ಪಾದೀತು, ಏಕೆಂದರೆ ನೋಡತಕ್ಕದ್ದು ಎಂದರೆ ಹಳೆಯದೇ ಆಗಬೇಕೆಂದಿಲ್ಲ. 2019ರ ಬರದಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಹಿರೇಹಳ್ಳಕ್ಕೆ ಇಳಿದು, ಜನರನ್ನು ಸೇರಿಸಿ, ಜಾಲಿಕಂಟಿ ಮತ್ತು ಹೂಳು ತುಂಬಿದ್ದ ಹಳ್ಳವನ್ನು ಮೈಲುಗಟ್ಟಲೆ ಸ್ವಚ್ಛ ಮಾಡಿಸಿದರು. ಅದರ ಬೆನ್ನಿಗೇ ಕುಷ್ಟಗಿ ಬಳಿಯ ನಿಡಶೇಸಿ ಕೆರೆಯಲ್ಲೂ ಕೆಲಸ ನಡೆಯಿತು. ಊರೂರಿನವರು ದುಡ್ಡು, ಯಂತ್ರ, ಮೈದುಡಿಮೆ ಕೂಡಿಸಿ ಹೂಳೆತ್ತಿದರು, ಮಳೆ ಬಂದು ಕೆರೆ ತುಂಬಿತು, ಹಕ್ಕಿಗಳು ಬಂದವು. ಕುಷ್ಟಗಿ ನಿಲ್ದಾಣದ ಫಲಕದ ಮೊದಲ ದಾರಿ ಆ ಕೆರೆಗೆ ಹೋಗಲಿ. ಅಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಪುರಾತತ್ವದವರೋ ಭೂವಿಜ್ಞಾನಿಗಳೋ ಬರೆಯಬೇಕಿಲ್ಲ. ಹೂಳೆತ್ತುವ ಮೊದಲು ಕೆರೆಯ ತಳ ಎಲ್ಲಿತ್ತು, ಆಮೇಲೆ ಎಲ್ಲಿಗೆ ಇಳಿಯಿತು, ಎತ್ತಿದ ಮಣ್ಣು ಯಾವ ಯಾವ ಹೊಲಕ್ಕೆ ಹೋಯಿತು ಎಂಬುದನ್ನು ದಂಡೆಯ ಮೇಲೆ ನಿಂತು ಕೈಚಾಚಿ ತೋರಿಸಬಲ್ಲವರು ಸುತ್ತಲಿನ ಊರುಗಳಲ್ಲಿದ್ದಾರೆ. ಒಗಟು ಅವರು ಕಟ್ಟಲಿ, ರೈಲಿಳಿದು ಬಂದವರು ಅವರನ್ನು ಮಾತಾಡಿಸಿ ಬಿಡಿಸಲಿ.